ಗೋಡೆಯ ಮೇಲೆ ಖಾಲಿ ಬಿಟ್ಟ ಜಾಗ

ಮೈದಾ ಅಂಟು ಕಾಯುವಾಗ ಮೊದಲು ಬರುವುದು ಹಸಿ ಹಿಟ್ಟಿನ ವಾಸನೆ. ಕೈಯಾಡಿಸುತ್ತಿದ್ದರೆ ಸ್ವಲ್ಪ ಹೊತ್ತಿಗೆ ಅದು ಹೋಗಿ, ಅನ್ನ ಬಸಿದ ಗಂಜಿಯ ವಾಸನೆಗೆ ಹತ್ತಿರವಾಗುತ್ತದೆ. ಚಳ್ಳಕೆರೆಯ ಒಂದು ಸಣ್ಣ ವಾಚನಾಲಯದಲ್ಲಿ ನನ್ನ ಕೆಲಸ. ಬೆಳಿಗ್ಗೆ ಪತ್ರಿಕೆಗಳನ್ನು ಮೇಜಿನ ಮೇಲೆ ಜೋಡಿಸುವುದು, ಸಂಜೆ ಮಡಿಸಿ ಕಟ್ಟುವುದು, ನಡುವೆ ಬೆನ್ನು ಹರಿದ ಪುಸ್ತಕಗಳಿಗೆ ಕಾಗದ ಅಂಟಿಸುವುದು. ಅಂದು ಗೋಂದಿನ ಬಾಟಲಿ ಖಾಲಿಯಾಗಿತ್ತು. ಹಿಂದಿನ ಕೋಣೆಯ ಒಲೆಯ ಮೇಲೆ ಎರಡು ಚಮಚ ಮೈದಾ ಕಲಸಿ ಇಟ್ಟಿದ್ದೆ. ಗಂಜಿಯ ವಾಸನೆ ಬರುವ ಹೊತ್ತಿಗೆ ಸರಿಯಾಗಿ ಫೋನು ಸದ್ದು ಮಾಡಿತು. ನಮ್ಮ ಮನೆಯವರ ಗುಂಪಿಗೆ ಅಣ್ಣನ ಮಗ ಒಂದು ಚಿತ್ರ ಕಳಿಸಿದ್ದ. ಕೊರಳಿಗೆ ದಪ್ಪ ಹಾರ ಹಾಕಿಕೊಂಡ ವಯಸ್ಸಾದ ಗಂಡಸಿನ ಮುಖ, ಕೆಳಗೆ ಹೆಸರು: ಓಬಯ್ಯ, ಕಬಡ್ಡಿ ಆಟಗಾರರು, ನನ್ನಿವಾಳ. ಅದರ ಕೆಳಗೆ ಆಗಲೇ ನಾಲ್ಕು ಜನ ಕೈಮುಗಿದಿದ್ದರು. ನಾನು ಕೈ ಮುಗಿಯಲಿಲ್ಲ. ಒಲೆ ಆರಿಸಿ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಆ ಮನುಷ್ಯ ಸತ್ತಿದ್ದಾನೆ ಎಂದು ಹಾರ ನೋಡಿ ನಂಬುವ ಹಕ್ಕು ಈ ಜಿಲ್ಲೆಯಲ್ಲಿ ಬೇರೆ ಯಾರಿಗೆ ಇದ್ದರೂ ನನಗೆ ಇರಲಿಲ್ಲ.

ಮೊಳಕಾಲ್ಮೂರಿನಲ್ಲಿ ನಮ್ಮದು ಮಗ್ಗದ ಮನೆ. ಬೀದಿಯಿಂದ ಎರಡು ಮೆಟ್ಟಿಲು ಇಳಿದರೆ ಮಣ್ಣಿನ ನೆಲದ ಉದ್ದನೆಯ ಕೋಣೆ, ಅದರ ಒಂದು ತುದಿಯಲ್ಲಿ ಮಗ್ಗದ ಕುಣಿ, ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ಅಪ್ಪ. ಅವ್ವ ಬಾಗಿಲ ಬೆಳಕಿನಲ್ಲಿ ರಾಟೆ ಇಟ್ಟುಕೊಂಡು ಲಾಳಿಗೆ ಬೇಕಾದ ರೇಷ್ಮೆ ಎಳೆಯನ್ನು ಸುತ್ತುತ್ತಿದ್ದಳು. ಮಗ್ಗ ಬಡಿಯುವ ಸದ್ದು ನಮಗೆ ಕೇಳಿಸುತ್ತಲೇ ಇರಲಿಲ್ಲ. ನಿಂತಾಗ ಮಾತ್ರ ಕೇಳಿಸುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಅದು ನಿಂತಿತೆಂದರೆ ಯಾರೋ ದೊಡ್ಡವರು ಸತ್ತಿದ್ದಾರೆ ಎಂದು ಅರ್ಥ. ದೊಡ್ಡವರೆಂದರೆ ನಮ್ಮ ನೆಂಟರಲ್ಲ, ಊರಿನವರಲ್ಲ. ಕ್ರಿಕೆಟ್ಟಿನ ಬೌಲರು, ಸಿನಿಮಾದಲ್ಲಿ ಯಾವಾಗಲೂ ತಂದೆಯ ಪಾತ್ರ ಮಾಡುತ್ತಿದ್ದ ನಟ, ರೇಡಿಯೋದಲ್ಲಿ ಹಾಡುತ್ತಿದ್ದ ಹೆಂಗಸು, ಹಾಕಿ ಗೋಲು ಕಾಯುತ್ತಿದ್ದವನು, ಹೆಸರನ್ನು ನಾವ್ಯಾರೂ ಸರಿಯಾಗಿ ಹೇಳಲಾಗದ ಪರದೇಶದ ಒಬ್ಬ ಬಾಕ್ಸರ್. ಬೀದಿಯ ತುದಿಯ ಚಹದಂಗಡಿಯಿಂದ ಅಪ್ಪ ಹಿಂದಿನ ದಿನದ ಪತ್ರಿಕೆ ತರುತ್ತಿದ್ದರು. ಅದರಲ್ಲಿ ಇಂಥವರ ಫೋಟೋ ಬಂದಿದ್ದರೆ ಕತ್ತರಿಸಿ, ಅನ್ನದ ಗಂಜಿ ಸವರಿ, ಕುಣಿಯಲ್ಲಿ ಕೂತರೆ ಎದುರಿಗೆ ಕಾಣುವ ಗೋಡೆಗೆ ಅಂಟಿಸುತ್ತಿದ್ದರು. ಬದುಕಿರುವವರ ಫೋಟೋ ಆ ಗೋಡೆಗೆ ಇಲ್ಲ. ಮನೆಯವರದ್ದೂ ಇಲ್ಲ. ಓಣಿಯವರು ಅದನ್ನು ‘ಸತ್ತೋರ ಗೋಡೆ’ ಎನ್ನುತ್ತಿದ್ದರು. ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳಿದವರಿಗೆ ಅಪ್ಪನ ಉತ್ತರ ಒಂದೇ. "ಕೂತ ಜಾಗದಿಂದ ಎದ್ದು ನಾನು ಎಲ್ಲಿಗೂ ಹೋಗಿಲ್ಲ. ಇವ್ರೆಲ್ಲ ಹೋಗಿಬಂದೋರು. ಇಲ್ಲಿ ಬಂದು ಸ್ವಲ್ಪ ಹೊತ್ತು ಕೂತ್ಕೊಳ್ಲಿ ಬಿಡು."

ಅಂಟಿಸಿದ ದಿನ ಸಂಜೆ ದೀಪ ಹಚ್ಚಿದ ಮೇಲೆ ನಾವು ನಾಲ್ಕೂ ಜನ ಗೋಡೆಯ ಮುಂದೆ ಕೂರಬೇಕು. ಅಪ್ಪ, ಅವ್ವ, ಅಣ್ಣ, ನಾನು. ಸತ್ತವರ ಬಗ್ಗೆ ಒಬ್ಬೊಬ್ಬರು ಒಂದೊಂದು ಮಾತು ಹೇಳಬೇಕು. ಒಳ್ಳೆಯ ಮಾತೇ ಆಗಬೇಕೆಂದಿಲ್ಲ, ನಿಜವಾಗಿರಬೇಕು ಅಷ್ಟೆ. ಏನೂ ಗೊತ್ತಿಲ್ಲದಿದ್ದರೆ ಫೋಟೋದಲ್ಲಿ ಕಂಡದ್ದನ್ನು ಹೇಳಬಹುದು. ಆ ಬಾಕ್ಸರ್ ಸತ್ತಾಗ ಅವ್ವ ಬಹಳ ಹೊತ್ತು ನೋಡಿ, "ಇಷ್ಟು ಗುದ್ದಾಡಿದ್ರೂ ಕಿವಿ ಎಷ್ಟು ಚೆಂದಾಗವೆ ನೋಡು," ಎಂದಿದ್ದಳು. ಆ ಮಾತಿಗೆ ಅಪ್ಪ ತಲೆದೂಗಿದ್ದರು. ಇನ್ನೊಂದು ಪದ್ಧತಿ ಇತ್ತು. ಅದು ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಸೀರೆ ನೇಯುವುದು ಉಟ್ಟಾಗ ಸೊಂಟದೊಳಗೆ ಹೋಗುವ ತುದಿಯಿಂದ ಶುರುವಾಗಿ ಸೆರಗಿಗೆ ಮುಗಿಯುತ್ತದೆ. ಯಾರಾದರೂ ಸತ್ತರೆ, ಮಗ್ಗದ ಮೇಲಿದ್ದ ಸೀರೆ ಮುಗಿದು ಮುಂದಿನದು ಶುರುವಾಗುವಾಗ, ಅದರ ಒಳತುದಿಯಲ್ಲಿ ಅಪ್ಪ ಬಣ್ಣ ಹಾಕದ ಬಿಳಿ ರೇಷ್ಮೆಯ ಒಂದೇ ಒಂದು ಎಳೆ ಹಾಯಿಸುತ್ತಿದ್ದರು. ಕೂದಲೆಳೆಯಷ್ಟು. ಅಂಗಡಿಯವರಿಗೆ ಕಾಣುತ್ತಿರಲಿಲ್ಲ, ಉಟ್ಟವರಿಗೂ ಕಾಣುತ್ತಿರಲಿಲ್ಲ. ಎಲ್ಲೆಲ್ಲಿಯ ಮದುವೆಗಳಲ್ಲೋ, ಯಾರ್‍ಯಾರ ಸೊಂಟದಲ್ಲೋ, ಒಬ್ಬ ಬೌಲರಿಗೆ, ಒಬ್ಬ ಹಾಡುಗಾರ್ತಿಗೆ ಹಾಕಿದ ಆ ಎಳೆಗಳು ಇಂದಿಗೂ ಇರಬೇಕು.

ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಅವ್ವನಿಗೂ ಇಲ್ಲ. ಅಣ್ಣ ಓದುತ್ತಿದ್ದ, ಆದರೆ ಅವನಿಗೆ ಮನಸ್ಸಿರಲಿಲ್ಲ. ಹಾಗಾಗಿ ಆ ಮನೆಗೆ ಸಾವಿನ ಸುದ್ದಿಯನ್ನು ಓದಿ ಹೇಳುವ ಕೆಲಸ ಎರಡನೇ ಕ್ಲಾಸಿನಿಂದಲೇ ನನ್ನದಾಯಿತು. ನಮ್ಮ ಕಡೆಯ ಎಷ್ಟೋ ಮನೆಗಳಂತೆ ನಮ್ಮಲ್ಲಿ ಕನ್ನಡವೂ ತೆಲುಗೂ ಕಲೆತಿದ್ದವು. ಅಪ್ಪನಿಗೆ ಅಕ್ಕರೆ ಬಂದಾಗ ತೆಲುಗು ಬರುತ್ತಿತ್ತು. "ಚದುವು ತಲ್ಲಿ," ಎನ್ನುತ್ತಿದ್ದರು. ಓದು ತಾಯಿ ಎಂದು. ನಾನು ನಿಂತುಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ಓದುತ್ತಿದ್ದೆ. ಅಪ್ಪ ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದರು. ನಾನು ಹೇಳಿದ್ದೇ ಅವರಿಗೆ ಸುದ್ದಿ. ಅದನ್ನು ಪರೀಕ್ಷಿಸುವ ಬೇರೆ ದಾರಿ ಅವರಿಗೆ ಇರಲಿಲ್ಲ, ಬೇಕೆಂದು ಅನ್ನಿಸಿಯೂ ಇರಲಿಲ್ಲ.

ನನಗೆ ಒಂಬತ್ತು ವರ್ಷ. ನಾಲ್ಕು ಗಂಟೆಯ ಬಿಸಿಲು. ಓಣಿಯಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಬರೆದಾಗಿತ್ತು, ನನ್ನ ಸರದಿ ಬರುವುದರಲ್ಲಿತ್ತು, ಹೊರಗಿನಿಂದ ಗೆಳತಿಯರು ಕೂಗುತ್ತಿದ್ದರು. ಅಪ್ಪ ಅಂದು ತಂದದ್ದು ಪತ್ರಿಕೆಯ ಅರ್ಧ ಹಾಳೆ ಮಾತ್ರ. ಇನ್ನರ್ಧದಲ್ಲಿ ಚಹದಂಗಡಿಯವರು ಬೋಂಡಾ ಕಟ್ಟಿ ಕೊಟ್ಟಿದ್ದರಂತೆ. ತಂದ ಅರ್ಧಕ್ಕೂ ಎಣ್ಣೆ ತಾಗಿತ್ತು. ಅದರಲ್ಲಿ ಒಂದು ಫೋಟೋ. ಚಿಕ್ಕ ವಯಸ್ಸಿನ ಗಂಡಸು, ಕೊರಳ ತುಂಬ ಹಾರ, ಕಣ್ಣು ಮುಚ್ಚಿವೆ, ತಲೆ ಸ್ವಲ್ಪ ಬಾಗಿದೆ. ಕೆಳಗೆ ಐದು ಸಾಲು. "ಚದುವು ತಲ್ಲಿ, ಇವ್ನು ನಮ್ ಕಡೆ ಹುಡುಗ ಇದ್ದಂಗೈತೆ," ಎಂದರು ಅಪ್ಪ. ನಾನು ಮೊದಲ ಸಾಲು ಓದಿದೆ. ನನ್ನಿವಾಳದ ಕಬಡ್ಡಿ ಆಟಗಾರ ಓಬಯ್ಯ. ಎರಡನೇ ಸಾಲು ಎಣ್ಣೆಯಲ್ಲಿ ಮಸುಕಾಗಿತ್ತು. ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ಹಿಡಿಯಲಿಲ್ಲ. ಹಾರ ಇತ್ತು, ಕಣ್ಣು ಮುಚ್ಚಿದ್ದವು. ಕಾಗದ ಅಪ್ಪನ ಕೈಗೆ ಕೊಟ್ಟು, "ಸತ್ತೋಗ್ಯಾನಂತೆ ಅಪ್ಪಾ," ಎಂದೆ.

ಅಪ್ಪ ಆ ಮುಖವನ್ನು ಹತ್ತಿರ ಹಿಡಿದು ನೋಡಿದರು. ಆಮೇಲೆ, "ಇಷ್ಟು ಸಣ್ಣ ವಯಸ್ಸಿಗಾ? ಎಲ್ಲಾ ಓದಿದೇನಮ್ಮಾ?" ಎಂದರು.

"ಹೂಂ. ಎಲ್ಲಾ ಓದಿದೆ."

ಹೊರಗೆ ಓಡಿದೆ. ಆಟದಲ್ಲಿ ನಾನು ಮೂರು ಮನೆ ಗೆದ್ದೆ ಎಂಬುದೂ ನೆನಪಿದೆ. ಮಗ್ಗದ ಸದ್ದು ಮತ್ತೆ ಶುರುವಾಗದೇ ಇದ್ದದ್ದು ಓಣಿಯಲ್ಲಿದ್ದ ನನಗೆ ಕೇಳಿಸಿತ್ತು.

ಅಂದು ಸಂಜೆ ಅಪ್ಪ ಎಂದಿಗಿಂತ ಹೆಚ್ಚು ಮಾತಾಡಿದರು. ಗೋಡೆಯ ಮೇಲಿದ್ದವರಲ್ಲಿ ಅವರು ಕಣ್ಣಾರೆ ಕಂಡಿದ್ದವನು ಓಬಯ್ಯ ಒಬ್ಬನೇ. ಹಿಂದಿನ ವರ್ಷ ನೂಲು ತರಲು ಚಳ್ಳಕೆರೆಗೆ ಹೋದಾಗ ಮೈದಾನದಲ್ಲಿ ಪಂದ್ಯ ನಡೆಯುತ್ತಿತ್ತಂತೆ. ಎದುರಾಳಿಗಳಲ್ಲಿ ಮೂವರು ಹಿಡಿದುಕೊಂಡರೂ ಈ ಹುಡುಗ ಎಳೆದಾಡಿಕೊಂಡು ಬಂದು ಗೆರೆ ಮುಟ್ಟಿದನಂತೆ. ಮುಟ್ಟಿದ ಮೇಲೆ ಜನ ಕೂಗುತ್ತಿರುವಾಗಲೇ ತಿರುಗಿ ಹೋಗಿ, ಕೆಳಗೆ ಬಿದ್ದಿದ್ದವನ ಮೊಣಕಾಲಿನ ಮಣ್ಣು ಒರೆಸಿ ಎಬ್ಬಿಸಿದನಂತೆ. "ಗೆದ್ದೋನು ತಿರುಗಿ ನೋಡಿದ್ದು ನಾನು ಅದೊಂದೇ ಸಲ ಕಂಡಿದ್ದು," ಎಂದರು. ಅಣ್ಣ, ಅವನ ತೊಡೆ ಗಟ್ಟಿ ಇರಬೇಕು ಎಂದ. ಅವ್ವ, "ಮದುವೆ ಆಗಿತ್ತೋ ಇಲ್ವೋ ಆ ಮಗಂಗೆ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ನನ್ನ ಸರದಿ ಬಂದಾಗ, ಹಾರ ಚೆನ್ನಾಗಿದೆ ಎಂದೆ. ಮರುದಿನ ಅಪ್ಪ ಚಹದಂಗಡಿಯಲ್ಲಿ ಈ ವಿಷಯ ಹೇಳಿದರು. ಚಹದಂಗಡಿಯವರು ಅಯ್ಯೋ ಎಂದು, ಬಂದ ಗಿರಾಕಿಗಳಿಗೆಲ್ಲ ಹೇಳಿದರು. ವಾರದೊಳಗೆ ನಮ್ಮ ಬೀದಿಯಲ್ಲಿ ಓಬಯ್ಯ ಹಾವು ಕಚ್ಚಿ ಸತ್ತ ಎಂದು ಕೆಲವರೂ, ಪಂದ್ಯದಲ್ಲೇ ಎದೆ ಒಡೆದು ಸತ್ತ ಎಂದು ಕೆಲವರೂ ಹೇಳುತ್ತಿದ್ದರು. ಅದನ್ನೆಲ್ಲ ಕೇಳಿ ನನಗೇ ನಂಬಿಕೆ ಬಂದಿತ್ತು. ಮಗ್ಗದ ಮೇಲಿದ್ದ ಸೀರೆ ಮುಗಿಯಿತು. ಮುಂದಿನದು ಗಿಳಿಹಸಿರು ಒಡಲು, ಕೆಂಪು ಅಂಚು. ಅದರ ಒಳತುದಿಯಲ್ಲಿ ಅಪ್ಪ ಬಿಳಿ ಎಳೆ ಹಾಯಿಸುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ.

ಆ ಸೀರೆ ಮಗ್ಗದಿಂದ ಇಳಿದ ಮರುದಿನವೋ, ಅದರ ಮರುದಿನವೋ, ನಮ್ಮ ಬಾಗಿಲಲ್ಲಿ ಇಬ್ಬರು ಬಂದು ನಿಂತರು. ಕುಣಿಯಲ್ಲಿ ಕೂತವರಿಗೆ ಬಂದವರ ಪಾದ ಮೊದಲು ಕಾಣುತ್ತದೆ, ಮುಖ ಆಮೇಲೆ. ಅಪ್ಪ ಪಾದ ನೋಡಿದರು, ಕೈಲಿದ್ದ ಎಳೆ ನೇಯ್ದು ಮುಗಿಸಿದರು, ಆಮೇಲೆ ತಲೆ ಎತ್ತಿದರು.

"ಸೀರೆ ಐತೇನ್ರಿ? ಧಾರೆಗೆ ಬೇಕಿತ್ತು," ಎಂದ ಬಂದವನು. ಪಕ್ಕದಲ್ಲಿ ಅವನ ತಾಯಿ, ಹೆಗಲ ಮೇಲೆ ಕಂಬಳಿ. ದಿನವೂ ಕುರಿಯ ಹಿಂದೆ ನಡೆದವರ ಕಾಲು.

ಅಪ್ಪ ಅವನ ಮುಖ ನೋಡಿದರು, ಗೋಡೆ ನೋಡಿದರು, ಮತ್ತೆ ಅವನ ಮುಖ ನೋಡಿದರು. ಅವ್ವನ ರಾಟೆ ನಿಂತಿತು.

"ಯಾಕಪ್ಪಾ ಹಂಗ್ ನೋಡ್ತೀಯ? ದೆವ್ವ ಕಂಡೋನಂಗೆ?" ಎಂದಳು ತಾಯಿ.

ಅವನು ಆಗ ಗೋಡೆ ನೋಡಿದ. ಮುಖವೆಲ್ಲ ನಗುವಾಯಿತು. "ಅವ್ವಾ, ಇಲ್ನೋಡು, ನನ್ ಫೋಟೋ! ಊರಾಗೆ ಸನ್ಮಾನ ಮಾಡಿದ್ರಲ್ಲ, ಅವತ್ತಿಂದು. ಕ್ಯಾಮೆರಾ ಬೆಳಕಿಗೆ ಕಣ್ ಮುಚ್ಚಿಬಿಟ್ಟಿದ್ದೆ. ಮೊಳಕಾಲ್ಮೂರಾಗೂ ನನ್ನ ಅಭಿಮಾನಿಗಳವ್ರೆ ಕಣವ್ವಾ!"

ತಾಯಿ ಹತ್ತಿರ ಹೋಗಿ ಮಗನ ಫೋಟೋ ನೋಡಿದಳು. ಆಮೇಲೆ ಅದರ ಪಕ್ಕದ್ದು. ಅದರ ಮೇಲಿನದು. "ಲೇ ಓಬಾ, ಈವಪ್ಪ ಸಿನಿಮಾದೋನು ಸತ್ತು ವರ್ಷ ಆಗಿಲ್ವೇನೋ? ಈ ಹಾಡೋ ಹೆಣ್ಮಗಳು? ಇವ್ನು?" ಅವಳ ಬೆರಳು ಗೋಡೆಯ ಉದ್ದಕ್ಕೂ ಹೋಗಿ ಮತ್ತೆ ಮಗನ ಮೇಲೆ ಬಂದು ನಿಂತಿತು. "ಇವ್ರೆಲ್ಲಾ ಸತ್ತೋರು ಕಣೋ! ಬದುಕಿರೋ ಮಗನ್ನ ಸತ್ತೋರ ಸಾಲಿಗೆ ಸೇರಿಸ್ಯಾರಲ್ಲೋ! ಮದುವೆ ಮುಂದೆ ಇಟ್ಕಂಡು ಇಲ್ಲಿಗ್ ಕರ್ಕಂಡ್ ಬಂದ್ಯಲ್ಲೋ!" ಅವಳು ಹೊರಗೆ ಹೋಗಿ ಓಣಿಯಲ್ಲಿ ನಿಂತು, ಕೇಳಿದವರಿಗೂ ಕೇಳದವರಿಗೂ ಹೇಳತೊಡಗಿದಳು.

ಅಪ್ಪ ಕುಣಿಯಿಂದ ಎದ್ದು ಬಂದರು. ಅವರು ಕೆಲಸದ ನಡುವೆ ಎದ್ದದ್ದನ್ನು ನಾನು ಕಂಡದ್ದು ಕಡಿಮೆ. ಕೈ ಮುಗಿದು ಎಲ್ಲ ಹೇಳಿದರು. ಗೋಡೆಯ ವಿಷಯ, ಸಂಜೆಯ ಮಾತುಗಳ ವಿಷಯ, ಚಳ್ಳಕೆರೆಯ ಮೈದಾನದಲ್ಲಿ ತಾವು ಕಂಡ ಪಂದ್ಯದ ವಿಷಯ. ಮನೆಯಲ್ಲಿ ಮಾರಲು ಇದ್ದದ್ದು ಆ ಗಿಳಿಹಸಿರು ಸೀರೆ ಒಂದೇ. ಹೇಳದೆ ಕೊಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಪ್ಪ ಅದನ್ನು ಬಿಡಿಸಿ, ಒಳತುದಿ ತೋರಿಸಿ, ಬಿಳಿ ಎಳೆಯ ಮೇಲೆ ಬೆರಳಿಟ್ಟು, "ಇದು ನಿನ್ ಹೆಸರಿಂದು ಕಣಪ್ಪಾ. ಈ ಸೀರೆ ನಿಂಗೆ ಕೊಡಾಕ್ ಬರಲ್ಲ. ಬೇರೆ ಮನೇಲಿ ನೋಡು," ಎಂದರು.

ಓಬಯ್ಯ ಸ್ವಲ್ಪ ಹೊತ್ತು ಆ ಎಳೆಯನ್ನೇ ನೋಡಿದ. "ಬಿದ್ದೋನ್ನ ಎಬ್ಬಿಸಿದ್ದು ನಿಮಗೆ ಕಾಣ್ತೇನ್ರಿ? ಅದನ್ನ ಯಾರೂ ನೋಡಿಲ್ಲ ಅನ್ಕಂಡಿದ್ದೆ," ಎಂದ. ಆಮೇಲೆ ಬಾಗಿಲಿಗೆ ಹೋಗಿ, "ಅವ್ವಾ, ಒಳಗ್ ಬಾ. ಸತ್ತ ಮೇಲೆ ಏನಂತಾರೆ ಅಂತ ಕೇಳಿಸ್ಕಳೋ ಪುಣ್ಯ ಯಾರಿಗೈತೆ ಹೇಳು? ಇದೇ ಸೀರೆ ತಗಳ್ಳಾನ," ಎಂದ. ಅವಳು ಅವನ ಬೆನ್ನಿಗೆ ಒಂದು ಗುದ್ದಿದಳು. ಅಪ್ಪ ಸೂಜಿ ತಂದು ಎಳೆ ತೆಗೆಯಲು ಕೂತಾಗ ಅವನೇ ಬೇಡವೆಂದ. ತೆಗೆದರೆ ಅಲ್ಲಿ ಸಂದು ಉಳಿಯುತ್ತದೆಯಲ್ಲ ಎಂದ. ಅದು ನಿಜವಾಗಿತ್ತು.

ಆಮೇಲೆ ಅವನು ಕೇಳಿದ. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಲು. "ಅಲ್ರಿ, ಪೇಪರ್‌ನಾಗೆ ಹಂಗಂತ ಓದಿದ್ ಯಾರು?"

"ಯಾರೂ ಓದಿಲ್ಲ," ಎಂದರು ಅಪ್ಪ. "ನಂಗೆ ಓದಾಕ್ ಬರಲ್ಲ. ಹಾರ ನೋಡಿ ನಾನೇ ತಪ್ಪು ತಿಳ್ಕಂಡೆ."

ಓಬಯ್ಯ ನನ್ನ ಕಡೆ ತಿರುಗಿದ. ನಾನು ಮಗ್ಗದ ಕಂಬ ಹಿಡಿದುಕೊಂಡು ನಿಂತಿದ್ದೆ. ಅವನು ಮೊಣಕಾಲೂರಿ ಕೂತು, "ನೀನೇನವ್ವಾ, ಇಸ್ಕೂಲಿಗೆ ಹೋಗಲ್ವಾ? ನಿಂಗ್ ಓದಾಕ್ ಬರಲ್ವಾ?" ಎಂದು ಕೇಳಿದ.

ಬರುವುದಿಲ್ಲ ಎಂದು ನಾನು ತಲೆಯಾಡಿಸಿದೆ. ಕ್ಲಾಸಿಗೆ ಎರಡನೆಯವಳು, ಸುತ್ತಲ ನಾಲ್ಕು ಮನೆಗಳ ಕಾಗದಪತ್ರ ಓದಿ ಹೇಳುತ್ತಿದ್ದವಳು, ಓದಲು ಬರುವುದಿಲ್ಲ ಎಂದು ತಲೆಯಾಡಿಸಿದೆ. ಅವನು ನಂಬಿದ. ಕಲಿಬೇಕವ್ವಾ ಎಂದು ನನ್ನ ತಲೆ ಸವರಿದ. ಅಪ್ಪ ಅದನ್ನು ನೋಡಿದರು.

ಓಬಯ್ಯನ ತಾಯಿ ಹಟ ಹಿಡಿದು ಗೋಡೆಯಿಂದ ಫೋಟೋ ಕೀಳಿಸಿಯೇ ಹೋದಳು. ಗಂಜಿ ಗಟ್ಟಿ ಹಿಡಿದಿತ್ತು. ಅಪ್ಪ ಒದ್ದೆ ಬಟ್ಟೆಯಿಂದ ನೆನೆಸಿ, ಉಗುರಿನಿಂದ ಚೂರು ಚೂರಾಗಿ ಕಿತ್ತರು. ಗೋಡೆಯ ಮೇಲೆ ಅಂಗೈಯಗಲದ ಒಂದು ಚೌಕ ಉಳಿಯಿತು. ಅದರ ಸುತ್ತ ಹೊಸಬರು ಬಂದರು, ಅದರ ಮೇಲೆ ಮಾತ್ರ ಅಪ್ಪ ಯಾರನ್ನೂ ಅಂಟಿಸಲಿಲ್ಲ. "ಅವನ ಜಾಗ ಅವಂಗೇ ಇರ್ಲಿ," ಎನ್ನುತ್ತಿದ್ದರು. "ಅಂದ್ರೆ ಆ ಹುಡುಗ ಸಾಯ್ಲಿ ಅಂತ ಕಾಯ್ಕಂಡ್ ಕೂತಿದೀರಾ?" ಎಂದು ಅವ್ವ ಬೈಯುತ್ತಿದ್ದಳು. "ಅಲ್ಲ. ಖಾಲಿ ಇರೋಗಂಟ ಅವನು ಬದುಕವ್ನೆ ಅಂತ ನಂಗೆ ಗೊತ್ತಾಗ್ತೈತೆ," ಎನ್ನುತ್ತಿದ್ದರು ಅಪ್ಪ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಓದುವ ಕೆಲಸ ಬೇರೆಯವರಿಗೆ ಕೊಡಲೂ ಇಲ್ಲ. ಮುಂದಿನ ಸಲ ಪತ್ರಿಕೆ ತಂದಾಗ ಎಂದಿನಂತೆ ಚದುವು ತಲ್ಲಿ ಎಂದರು. ಒಂದು ಮಾತು ಮಾತ್ರ ಸೇರಿತ್ತು. "ನಿದಾನಂಗಾ," ಎಂದರು. ನಿಧಾನವಾಗಿ. ಅವರು ಇರುವವರೆಗೂ ಆ ಎರಡು ಮಾತು ಜೊತೆಗೇ ಬರುತ್ತಿದ್ದವು.

ಅಂದಿನಿಂದ ಸಾವಿನ ಸುದ್ದಿಯನ್ನು ನಾನು ಎರಡು ಸಲ ಓದುತ್ತೇನೆ. ಈಗ ಅಂಥ ಸುದ್ದಿ ದಿನವೂ ಬರುತ್ತದೆ. ಆಟಗಾರರು, ನಟರು, ಹಾಡುಗಾರರು ಒಬ್ಬರ ಹಿಂದೆ ಒಬ್ಬರು. ಬೆಳಿಗ್ಗೆ ಫೋನಿನಲ್ಲಿ ಮುಖ ಕಂಡರೆ ಮಧ್ಯಾಹ್ನಕ್ಕೆ ಇನ್ನೊಬ್ಬರು ಬಂದು ಅವರನ್ನು ಮೇಲಕ್ಕೆ ತಳ್ಳಿರುತ್ತಾರೆ. ಯಾರೋ ಸತ್ತರು ಎಂದು ಬರುತ್ತದೆ, ಸಂಜೆ ಇಲ್ಲ, ಬದುಕಿದ್ದಾರೆ ಎಂದು ಬರುತ್ತದೆ. ಅಂಥ ದಿನ ನನಗೆ ಊಟ ಸೇರುವುದಿಲ್ಲ. ವಾಚನಾಲಯಕ್ಕೆ ಬರುವವರು ಇದು ನಿಜವೇ ಎಂದು ನನ್ನನ್ನು ಕೇಳುತ್ತಾರೆ. ಪತ್ರಿಕೆ ಬರಲಿ, ನೋಡಿ ಹೇಳುತ್ತೇನೆ ಎನ್ನುತ್ತೇನೆ. ಅದನ್ನು ತಮಾಷೆ ಮಾಡುವವರೂ ಇದ್ದಾರೆ. ಅಪ್ಪ ಹೋಗಿ ಬಹಳ ವರ್ಷವಾಯಿತು, ಅವರ ಹಿಂದೆ ಅವ್ವ. ಆ ಮನೆಯೂ ಈಗಿಲ್ಲ. ಅಣ್ಣ ಅದನ್ನು ಕೆಡವಿ ತಾರಸಿ ಮನೆ ಕಟ್ಟಿದ. ಮಗ್ಗದ ಕುಣಿಗೆ ಆ ಗೋಡೆಯ ಮಣ್ಣನ್ನೇ ತುಂಬಿದರು. ಕೆಡವುವ ದಿನ ನಾನು ಹೋಗಿದ್ದೆ. ಉಳಿದ ಗೋಡೆಗಳು ಪುಡಿಯಾಗಿ ಬಿದ್ದವು. ಆ ಗೋಡೆ ಮಾತ್ರ ಕಾಗದದ ಪದರು ಹಿಡಿದುಕೊಂಡಿದ್ದರಿಂದ ದೊಡ್ಡ ಹಲಗೆಯಂತೆ ಒಂದೇ ಸಲ ಬಾಗಿ ಬಿತ್ತು. ಮುಖಗಳು ಹಳದಿಯಾಗಿ, ಕಂದಿಹೋಗಿ, ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ನನಗೆ ಗುರುತು ಸಿಕ್ಕಿದ್ದು ಆ ಖಾಲಿ ಚೌಕ ಒಂದೇ.

ಓಬಯ್ಯ ಆಡುವುದನ್ನು ಬಿಟ್ಟ ಮೇಲೆ ಅವರ ಹೆಸರು ಪತ್ರಿಕೆಯಲ್ಲಿ ಬಂದದ್ದು ಕಡಿಮೆ. ಅವರು ಎಲ್ಲಿದ್ದಾರೆ, ಏನು ಮಾಡುತ್ತಾರೆ ಎಂಬುದನ್ನು ನಾನು ಕೇಳಿ ತಿಳಿದುಕೊಂಡಿದ್ದೆ. ಕುದಾಪುರದ ಕಡೆ ಹುಲ್ಲುಗಾವಲಿಗೆ ಗೋಡೆ ಬಂದು, ಒಳಗೆ ದೊಡ್ಡ ದೊಡ್ಡ ಸಂಸ್ಥೆಗಳು ಎದ್ದವಲ್ಲ, ಅಲ್ಲೊಂದು ಗೇಟಿನಲ್ಲಿ ಕಾವಲಿಗಿದ್ದರು. ಚಿಕ್ಕವರಿದ್ದಾಗ ಕುರಿ ಮೇಯಿಸಿದ್ದ ನೆಲಕ್ಕೇ ಈಗ ಯಾರನ್ನೂ ಬಿಡದಂತೆ ಕಾಯುತ್ತೇನೆ ಎಂದು ನಗುತ್ತಿದ್ದರಂತೆ. ರಜೆಯ ದಿನ ಊರಿನ ಮಕ್ಕಳಿಗೆ ಕಬಡ್ಡಿ ಹೇಳಿಕೊಡುತ್ತಿದ್ದರಂತೆ. ಒಮ್ಮೆ ಅವರು ನಮ್ಮ ವಾಚನಾಲಯಕ್ಕೇ ಬಂದರು. ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಕಾಣುತ್ತದೆ. ಕಾವಲುಗಾರರ ಸಮವಸ್ತ್ರದಲ್ಲಿ ಕಿಟಕಿಯ ಪಕ್ಕ ಕೂತು ಆಟದ ಪುಟವನ್ನು ಪೂರ್ತಿ ಓದಿದರು. ನಾನು ಹತ್ತು ಹೆಜ್ಜೆ ದೂರದ ಮೇಜಿನಲ್ಲಿದ್ದೆ. ಎದ್ದು ಹೋಗಿ, ಅಂದು ಓದಿದ್ದು ನಾನು, ನಮ್ಮ ಅಪ್ಪ ಅಲ್ಲ ಎಂದು ಹೇಳಬೇಕಿತ್ತು. ಆ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಯೂ ಆಗಿತ್ತು. ಅವರು ಪತ್ರಿಕೆಯನ್ನು ನೀಟಾಗಿ ಮಡಿಸಿಟ್ಟು, "ಬರ್ತೀನವ್ವಾ," ಎಂದರು. ನಾನು, "ಹೂಂ," ಎಂದೆ. ಇನ್ನೊಮ್ಮೆ ಬರುತ್ತಾರೆ ಎಂದುಕೊಂಡೆ.

ಫೋನಿನಲ್ಲಿ ಚಿತ್ರ ಬಂದ ಮರುದಿನ ಪತ್ರಿಕೆಯ ಒಳಪುಟದಲ್ಲಿ ಸುದ್ದಿ ಇತ್ತು. ಮೂರು ಸಲ ಓದಿದೆ. ಆದರೂ ರಜೆ ಹಾಕಿ, ಆ ಪತ್ರಿಕೆಯನ್ನು ಚೀಲದಲ್ಲಿಟ್ಟುಕೊಂಡು ನನ್ನಿವಾಳದ ಬಸ್ಸು ಹತ್ತಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮುಂದೆ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ಅದರಾಚೆ ಮಕ್ಕಳು ಕಬಡ್ಡಿಗೆ ಗೆರೆ ಎಳೆದಿದ್ದ ಜಾಗ; ಬಂದು ಹೋದವರ ಚಪ್ಪಲಿಯಿಂದ ಗೆರೆ ಅರ್ಧ ಅಳಿಸಿತ್ತು. ಅವರ ಹೆಂಡತಿ ಕಾಟಮ್ಮ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅಳುವುದು ಮುಗಿದಿತ್ತು. ನಾನು ಕೆಳಗೆ ಕೂತೆ.

"ಯಾರವ್ವಾ ನೀನು? ಗುರ್ತು ಸಿಗ್ಲಿಲ್ಲ."

"ಮೊಳಕಾಲ್ಮೂರಿನೋಳು ಅಕ್ಕಾ. ಮಗ್ಗದ ಮನೆಯೋಳು. ನಿಮ್ ಧಾರೆ ಸೀರೆ ನೇಯ್ದೋರು ನಮ್ಮಪ್ಪ."

ಅವರು ನನ್ನನ್ನು ಪೂರ್ತಿ ನೋಡಿದರು. "ಬಿಳೀ ಎಳೆ ಸೀರೆ? ಇನ್ನೂ ಪೆಟ್ಟಿಗೇಲೈತೆ. ನಮ್ಮತ್ತೆ ಆ ಎಳೆ ಮೇಲೆ ಅರಿಶಿನದ ದಾರ ಹಾಕಿ ಹೊಲಿದಿದ್ಲು, ದೃಷ್ಟಿ ಹೋಗ್ಲಿ ಅಂತ. ಅವ್ರು ಎಲ್ಲರ ಮುಂದೂ ಹೇಳ್ಕಂಡು ನಗೋರು. ನಾನೊಂದ್ ಸಲ ಸತ್ತು ಬಂದೋನು, ಇನ್ನೊಂದ್ ಸಲಕ್ಕೆ ಹೆದರಲ್ಲ ಅನ್ನೋರು." ಆಮೇಲೆ, "ನಿಮ್ಮಪ್ಪನ್ನ ಮಾತ್ರ ಯಾವತ್ತೂ ಬೈದಿಲ್ಲ. ಪಾಪ, ಆ ಮನೇಲಿ ಯಾರಿಗೂ ಓದಾಕ್ ಬರ್ತಿರ್ಲಿಲ್ಲ, ಒಂದ್ ಹೆಣ್ ಮಗಾ ಇತ್ತು, ಅದ್ಕೂ ಬರ್ತಿರ್ಲಿಲ್ಲ ಅನ್ನೋರು," ಎಂದರು.

ನನ್ನ ಅಪ್ಪನನ್ನು ಈ ಮನೆಯಲ್ಲಿ ಇಷ್ಟು ವರ್ಷ ಹೀಗೆ ನೆನೆದಿದ್ದರು. ಅಪ್ಪನಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ಬರ್ತಿತ್ತು ಅಕ್ಕಾ," ಎಂದೆ. "ಆ ಮಗು ನಾನೇ. ನಂಗೆ ಓದಕ್ಕೆ ಬರ್ತಿತ್ತು. ಅಪ್ಪಂಗೆ ಓದಿ ಹೇಳಿದ್ದೂ ನಾನೇ. ಆಟಕ್ಕೆ ಹೋಗೋ ಅವಸರಕ್ಕೆ ಒಂದೇ ಸಾಲು ಓದಿ ಸತ್ತೋದ ಅಂದೆ. ಆಮೇಲೆ ಅವ್ರು ಕೇಳ್ದಾಗ ಬರಲ್ಲ ಅಂತ ಸುಳ್ಳು ಹೇಳ್ದೆ. ಅವ್ರಿಗೆ ಹೇಳ್ಬೇಕು ಅಂತಿದ್ದೆ. ಹೇಳ್ಲಿಲ್ಲ."

ಶಾಮಿಯಾನದ ಹಗ್ಗ ಗಾಳಿಗೆ ಕಂಬಕ್ಕೆ ತಟ್ಟುತ್ತಿತ್ತು. ಪರವಾಗಿಲ್ಲ ಬಿಡು ಎಂದು ಕಾಟಮ್ಮ ಹೇಳಲಿಲ್ಲ. ಹೇಳಬೇಕೆಂದು ನಾನೂ ಕಾಯಲಿಲ್ಲ. ಅವರ ಕಣ್ಣು ನನ್ನ ಚೀಲದಿಂದ ಇಣುಕುತ್ತಿದ್ದ ಪತ್ರಿಕೆಯ ಮೇಲಿತ್ತು.

"ಅದ್ರಾಗೆ ಬಂದೈತಾ?"

"ಬಂದೈತಕ್ಕಾ."

"ಹುಡುಗ್ರು ಬಂದೈತೆ ಬಂದೈತೆ ಅಂದ್ರು, ಯಾರೂ ಪೂರ್ತಿ ಓದಿ ಹೇಳ್ಲಿಲ್ಲ. ನೀನೇ ಓದು. ನಿಧಾನಕ್ಕೆ ಓದು."

ಪತ್ರಿಕೆ ಬಿಡಿಸಿದೆ. ಹನ್ನೊಂದು ಸಾಲು. ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ಅಲ್ಲ, ಎಳೆ ಎಳೆಯಾಗಿ ಓದಿದೆ. ಹೆಸರು, ಊರು, ಯಾವ ಯಾವ ತಂಡಕ್ಕೆ ಆಡಿದ್ದರು ಎಂಬುದು, ಪತ್ನಿ, ಇಬ್ಬರು ಗಂಡುಮಕ್ಕಳು, ಅಪಾರ ಬಂಧುಗಳು. ಪ್ರತಿ ಸಾಲು ಮುಗಿದಾಗಲೂ ತಲೆ ಎತ್ತಿ ಅವರ ಮುಖ ನೋಡಿದೆ. ಸರಿ ಎಂಬಂತೆ ಅವರು ತಲೆ ಆಡಿಸುತ್ತಿದ್ದರು. ‘ಸ್ವಗೃಹದಲ್ಲಿ ನಿಧನರಾದರು’ ಎಂಬಲ್ಲಿಗೆ ಬಂದಾಗ ಕೈ ಅಡ್ಡ ಹಿಡಿದರು.

"ಮನೇಲಲ್ಲ. ಅಗೋ, ಅಲ್ಲಿ. ಸಣ್ಣ ಮಗಾ ಒಂದು ಆಟದಾಗೆ ಬಿದ್ದಿತ್ತು. ಎಬ್ಬಿಸಾಕೆ ಅಂತ ಹೋಗಿ ಬಗ್ಗಿದ್ರು. ಬಗ್ಗಿದೋರು ಹಂಗೇ ಕೂತ್ರು. ಮಗಾ ಎದ್ಕಂಡ್ತು, ಅವ್ರು ಏಳ್ಲಿಲ್ಲ." ನಾನು ಅಳಿಸಿದ ಗೆರೆಯ ಕಡೆ ನೋಡಿದೆ. ಕಾಟಮ್ಮ ಪತ್ರಿಕೆಯ ಮೇಲೆ ಬೆರಳಿಟ್ಟರು. ಅದು ಸಾಲಿನ ಮೇಲಿರಲಿಲ್ಲ, ಫೋಟೋದ ಅಂಚಿನ ಮೇಲಿತ್ತು. "ಅದನ್ನ ಬರ್ದಿಲ್ವಾ ಇದ್ರಾಗೆ?"

"ಇಲ್ಲಕ್ಕಾ."

"ಮೊದ್ಲಿಂದ ಓದು. ಅದನ್ನ ಸೇರಿಸಿ ಓದು."

ಒಂಬತ್ತನೇ ವಯಸ್ಸಿನಿಂದ ಈವರೆಗೆ, ಕಾಗದದಲ್ಲಿ ಇಲ್ಲದ ಒಂದು ಮಾತನ್ನೂ ನಾನು ಓದಿ ಹೇಳಿದವಳಲ್ಲ. ಪತ್ರಿಕೆಯನ್ನು ಬೆಳಕಿಗೆ ಹಿಡಿದು ಮೊದಲಿನಿಂದ ಶುರು ಮಾಡಿದೆ. ಹೆಸರು ಓದಿದೆ, ಊರು ಓದಿದೆ, ತಂಡಗಳನ್ನು ಓದಿದೆ. ಆ ಸಾಲಿಗೆ ಬಂದಾಗ ನಿಲ್ಲಲಿಲ್ಲ. ನನ್ನಿವಾಳದ ತಮ್ಮ ಮನೆಯ ಮುಂದಿನ ಆಟದ ಜಾಗದಲ್ಲಿ, ಬಿದ್ದ ಮಗುವೊಂದನ್ನು ಎಬ್ಬಿಸುತ್ತಾ ತೀರಿಕೊಂಡರು ಎಂದು, ಅಚ್ಚಾಗಿರುವುದನ್ನೇ ಓದುವವಳಂತೆ, ನಿಧಾನವಾಗಿ ಓದಿದೆ. ಕಾಟಮ್ಮ ತಲೆ ಆಡಿಸಿದರು. ಮುಂದಿನ ಸಾಲಿಗೆ ಹೋದೆ.